ಮೂರು ನೋಟ್‌ಬುಕ್ಕು, ಏಳು ಸೊನ್ನೆ: ಒಬ್ಬ ರೈತ-ಮೆಕ್ಯಾನಿಕ್‌ನ ಬದುಕನ್ನು ಬರೆದಿಟ್ಟ ಬಗೆ

ದೊಡ್ಡಪ್ಪ ತೀರಿಕೊಂಡು ಮೂರು ವಾರ ಆಗಿತ್ತು. ಅವರ ಬಗ್ಗೆ ನಾಲ್ಕು ಮಾತು ಬರೆದಿಡೋಣ ಅಂತ ನಾನು, ನಮ್ಮಣ್ಣ, ಅವರ ಇಬ್ಬರು ಮಕ್ಕಳು ಒಂದು ಸಂಜೆ ಕೂತೆವು. ಒಂದೇ ಗಂಟೆಯಲ್ಲಿ ಪುಟ ತುಂಬಿತು. ಸರಳ ಜೀವಿ. ಕಷ್ಟಪಟ್ಟು ದುಡಿದವರು. ಯಾರು ಕರೆದರೂ ಇಲ್ಲ ಅನ್ನದವರು. ಒಳ್ಳೆಯ ರೈತರು, ಜೊತೆಗೆ ಒಳ್ಳೆಯ ಮೆಕ್ಯಾನಿಕ್ಕು. ಓದಿ ಹೇಳಿದಾಗ ದೊಡ್ಡಮ್ಮ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಇದು ಯಾರ ಬಗ್ಗೆ ಬರೆದಿರೋದು?"

ಚುಚ್ಚಬೇಕು ಅಂತ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಐವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ ಆ ಪುಟದಲ್ಲಿ ಎಲ್ಲೂ ಕಾಣಿಸಿರಲಿಲ್ಲ. ಹೆಸರು ಬದಲಾಯಿಸಿದ್ದರೆ ಅದು ಯಾರಿಗೆ ಬೇಕಾದರೂ ಒಪ್ಪುತ್ತಿತ್ತು.

ಆ ಪುಟವನ್ನು ಅಂದೇ ಹರಿದು ಹಾಕಿದೆವು. ಆಮೇಲೆ ಎಂಟು ತಿಂಗಳು ಏನೇನು ಮಾಡಿದೆವು ಅನ್ನೋದು ಈ ಬರಹ. ಸಿಕ್ಕಿದ್ದನ್ನೂ ಬರೆಯುತ್ತೇನೆ, ಕಳೆದುಕೊಂಡದ್ದನ್ನೂ ಬರೆಯುತ್ತೇನೆ. ಹೊಲ ಮಾಡಿಕೊಂಡು, ಸುತ್ತಲಿನವರ ಯಂತ್ರ ರಿಪೇರಿ ಮಾಡಿಕೊಂಡು ಬದುಕಿದವರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಇಂಥವರು ತಮ್ಮ ಬಗ್ಗೆ ತಾವು ಒಂದು ಸಾಲು ಬರೆದಿಟ್ಟಿರುವುದಿಲ್ಲ. ಅವರು ಬಿಟ್ಟುಹೋಗುವುದು ಒಂದು ಶೆಡ್ಡು, ಒಂದಿಷ್ಟು ಸಾಮಾನು, ಓಡುತ್ತಿರುವ ಎಂಜಿನ್ನುಗಳು. ಅದನ್ನು ಓದೋದಕ್ಕೆ ನಮಗೆ ಬರೋದಿಲ್ಲ, ಅಷ್ಟೇ.

ಮೊದಲ ತಪ್ಪು

ಶೆಡ್ಡಿನ ಹೊರಗೆ ಒಂದು ಕಬ್ಬಿಣದ ರಾಶಿ ಇತ್ತು. ಜಾಗ ಚೊಕ್ಕಟವಾಗಲಿ ಅಂತ ದೊಡ್ಡಪ್ಪನ ಕಿರಿಮಗ ಅದನ್ನು ಗುಜರಿಗೆ ಕೊಟ್ಟುಬಿಟ್ಟ. ಎರಡು ಗಾಡಿ ತುಂಬಿತು. ಅವನದು ಒಳ್ಳೆಯ ಮನಸ್ಸೇ. ದೊಡ್ಡಮ್ಮನಿಗೆ ಓಡಾಡಲು ತೊಂದರೆ ಆಗದಿರಲಿ ಅನ್ನೋದಷ್ಟೇ ಅವನ ಲೆಕ್ಕ. ಆದರೆ ಆ ರಾಶಿಯಲ್ಲಿ ದೊಡ್ಡಪ್ಪ ಕೈಯಾರೆ ಮಾಡಿದ ಎರಡು ಕಟ್ಟಿಗೆಯ ಪುಲ್ಲಿ ಇದ್ದವು. ಬೇರಿಂಗ್ ಎಳೆಯುವ ಪುಲ್ಲರ್ ಒಂದಿತ್ತು. ಅದರ ಮೂರು ಕಾಲೂ ಬೇರೆ ಬೇರೆ ಯಂತ್ರದ ತುಂಡುಗಳು. ಈಗ ನಮ್ಮಲ್ಲಿ ಅವುಗಳ ಫೋಟೋ ಕೂಡ ಇಲ್ಲ.

ಅದಕ್ಕೇ ಹೇಳುತ್ತೇನೆ, ಶೆಡ್ಡಿಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ನಿಂತು ಫೋಟೋ ತೆಗೆಯಿರಿ. ಒಂದೊಂದು ಗೋಡೆ, ಒಂದೊಂದು ಮೂಲೆ, ಹೇಗಿದೆಯೋ ಹಾಗೇ. ಧೂಳು ಕೂಡ ಒರೆಸಬೇಡಿ. ಯಾವ ಸಾಮಾನಿನ ಮೇಲೆ ಧೂಳಿಲ್ಲವೋ ಅದನ್ನು ಅವರು ಕೊನೆಯ ದಿನಗಳಲ್ಲಿ ಬಳಸಿದ್ದರು ಅಂತ ತಿಳಿಯುತ್ತದೆ. ನಮಗೆ ಇದು ಹೊಳೆಯುವಷ್ಟರಲ್ಲಿ ಅರ್ಧ ಶೆಡ್ಡು ಗುಡಿಸಿ ಆಗಿತ್ತು.

ಗೋಡೆಯ ಮೇಲೆ ಮೂರು ಸಾಲು

ಪುಣ್ಯಕ್ಕೆ ಸ್ಪ್ಯಾನರ್ ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ. ಹಲಗೆಗೆ ಮೊಳೆ ಹೊಡೆದು ಮೂರು ಸಾಲಿನಲ್ಲಿ ತೂಗುಹಾಕಿದ್ದರು. ನಾವು ಚಿಕ್ಕಂದಿನಿಂದ ನೋಡಿದ್ದ ಗೋಡೆ ಅದು. ಮೂರು ಸಾಲು ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಮೇಲಿನ ಸಾಲಿನ ಸ್ಪ್ಯಾನರುಗಳ ಮೇಲೆ ಇಂಚಿನ ಭಿನ್ನರಾಶಿ, ಪಕ್ಕದಲ್ಲಿ ಒಂದು ಡಬ್ಲ್ಯೂ ಅಕ್ಷರ. ಅದು ವಿಟ್‌ವರ್ತ್ ಅಳತೆ. ಜೋಸೆಫ್ ವಿಟ್‌ವರ್ತ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1841ರಲ್ಲಿ ತಿರುಪಿನ ಹಲ್ಲಿಗೆ ಒಂದು ಗೊತ್ತಾದ ಅಳತೆ ಸೂಚಿಸಿದ. ಅದಕ್ಕೂ ಮೊದಲು ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದು ಕಾರ್ಖಾನೆಯ ನಟ್ಟು ಕೂರುತ್ತಿರಲಿಲ್ಲ. ಎರಡನೇ ಸಾಲಿನದೂ ಇಂಚೇ, ಆದರೆ ಲೆಕ್ಕ ಬೇರೆ. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬಿಡಿಭಾಗ ಇನ್ನೊಬ್ಬರಿಗೆ ಹೊಂದದೆ ಪಟ್ಟ ಪಾಡಿನ ನಂತರ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಂದೇ ತಿರುಪಿನ ಅಳತೆಗೆ ಒಪ್ಪಿಕೊಂಡವು. ಮೂರನೇ ಸಾಲು ಮಿಲಿಮೀಟರಿನದು. ಈಗ ಎಲ್ಲ ಕಡೆ ಸಿಗುವುದು ಅದೇ.

ಅಂದರೆ ಆ ಗೋಡೆಯೇ ಅವರ ಕೆಲಸದ ಮೂರು ಕಾಲ. ಮೇಲಿನ ಸಾಲು ಹಳೆಯ ಇಂಗ್ಲಿಷ್ ಮಾದರಿಯ ಎಂಜಿನ್ನುಗಳದು. ನಡುವಿನದು ಆಮೇಲೆ ಬಂದ ಟ್ರ್ಯಾಕ್ಟರುಗಳದು. ಕೆಳಗಿನದು ಈಚಿನ ಯಂತ್ರಗಳದು. ಮೇಲಿನ ಸಾಲಿನ ಹಿಡಿಗಳು ಸವೆದು ಕನ್ನಡಿಯಂತಾಗಿದ್ದವು. ಕೆಳಗಿನ ಸಾಲಿನ ಕೆಲವದರ ಮೇಲೆ ಕಂಪನಿಯ ಲೇಪ ಇನ್ನೂ ಇತ್ತು.

ಇನ್ನೊಂದು ವಸ್ತುವಿನ ಬಗ್ಗೆ ಹೇಳಲೇಬೇಕು. 24 ಮಿಲಿಮೀಟರಿನ ಒಂದು ಸ್ಪ್ಯಾನರ್ ಕೆಳಗಿನ ಸಾಲಿನಲ್ಲಿರದೆ ಮೇಲಿನ ಸಾಲಿನಲ್ಲಿ ನೇತಾಡುತ್ತಿತ್ತು. ಅದರ ಹಿಡಿಗೆ ತಂತಿ ಸುತ್ತಿ ಒಂದು ಹಿತ್ತಾಳೆಯ ತಗಡಿನ ಚೂರು ಕಟ್ಟಿದ್ದರು. ಬೆರಳಿನ ಅರ್ಧದಷ್ಟು ಉದ್ದ, ಒಂದು ಅಂಚು ಮಡಚಿದ್ದು. ನಾವೆಲ್ಲ ಅದನ್ನು ಗುರುತಿನ ಚೀಟಿ ಅಂದುಕೊಂಡೆವು. ಸಣ್ಣ ಅಳತೆ ನೋಡುವ ವರ್ನಿಯರ್ ಇಟ್ಟು ಅಳೆದಾಗ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಆಗ ಹೊಳೆಯಿತು. ಅರ್ಧ ಇಂಚಿನ ವಿಟ್‌ವರ್ತ್ ನಟ್ಟಿನ ಅಗಲ ಸುಮಾರು 23.4 ಮಿಲಿಮೀಟರ್. 23ರ ಸ್ಪ್ಯಾನರ್ ಹೋಗೋದಿಲ್ಲ, 24ರದು ಜಾರಿ ನಟ್ಟಿನ ಮೂಲೆ ಉರುಟಾಗುತ್ತದೆ. ಸರಿಯಾದ ಸ್ಪ್ಯಾನರ್ ಇಲ್ಲದ ದಿನಗಳಲ್ಲಿ ಆ ಸಂದಿಗೆ ಈ ತಗಡು ಸಿಕ್ಕಿಸಿ ಕೆಲಸ ಮಾಡಿದ್ದರು. ಮುಂದೆ ಸರಿಯಾದದ್ದು ಕೊಂಡ ಮೇಲೂ ಇದನ್ನು ಎಸೆದಿರಲಿಲ್ಲ. ನಮ್ಮ ಮೊದಲ ಪುಟದಲ್ಲಿ "ಕಷ್ಟಪಟ್ಟು ದುಡಿದವರು" ಅಂತ ಬರೆದಿದ್ದೆವಲ್ಲ, ಆ ಮಾತಿನ ಜಾಗದಲ್ಲಿ ಈಗ ಈ ತಗಡಿನ ಫೋಟೋ ಇದೆ.

ಹ್ಯಾಂಡಲ್ ಹಿಡಿದ ಕೈ

ವಸ್ತುಗಳ ನಂತರ ಜನ. ಇಲ್ಲೂ ಮೊದಲ ಸಲ ಎಡವಿದೆವು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ "ಅವರು ಎಂಥವರಾಗಿದ್ದರು?" ಅಂತ ಕೇಳಿದೆವು. ಒಂಬತ್ತು ಮನೆ ಸುತ್ತಿದೆವು. ಒಂಬತ್ತು ಕಡೆಯೂ "ತುಂಬಾ ಒಳ್ಳೆಯವರು" ಅನ್ನುವ ಉತ್ತರ. ತಪ್ಪು ಅವರದಲ್ಲ. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ.

1950ರ ದಶಕದಲ್ಲಿ ಇಂಗ್ಲೆಂಡಿನ ಸಫೋಕ್ ಭಾಗದ ಬ್ಲಾಕ್ಸ್‌ಹಾಲ್ ಅನ್ನುವ ಹಳ್ಳಿಯಲ್ಲಿ ಜಾರ್ಜ್ ಎವಾರ್ಟ್ ಎವಾನ್ಸ್ ಅನ್ನುವವರು ವಯಸ್ಸಾದ ಕೃಷಿ ಕೂಲಿಗಳ ಮಾತನ್ನು ಬರೆದುಕೊಂಡರು. ಯಂತ್ರ ಬರುವ ಮೊದಲು ಹೊಲದ ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದು ಅವರ ಕುತೂಹಲ. ಕೆಲಸದ ಬಗ್ಗೆ ಕೇಳಿದರೆ ಮನುಷ್ಯ ತಾನಾಗಿ ಬಾಯಿ ಬಿಡುತ್ತಾನೆ ಅನ್ನೋದನ್ನು ನಾನು ಕಲಿತದ್ದು ಅಂಥ ಬರಹಗಳಿಂದ. ಹಾಗಾಗಿ ಎರಡನೇ ಸಲ ಹೋಗುವಾಗ ನಾವು ಪ್ರಶ್ನೆ ಒಯ್ಯಲಿಲ್ಲ, ಎಂಜಿನ್ ಹೊಡೆಯುವ ಹ್ಯಾಂಡಲ್ ಒಯ್ದೆವು. ಸುಮ್ನೆ ಅವರ ಮುಂದೆ ಇಟ್ಟೆವು.

ಎಲ್ಲರೂ ಅದನ್ನು ಕೈಗೆತ್ತಿಕೊಂಡರು. ಮೂರನೇ ಮನೆಯಲ್ಲಿ ನಮ್ಮಣ್ಣ ಒಂದು ವಿಷಯ ಗಮನಿಸಿದ. ಯಾರೂ ಹೆಬ್ಬೆಟ್ಟನ್ನು ಹಿಡಿಯ ಸುತ್ತ ಬಳಸುತ್ತಿರಲಿಲ್ಲ. ನಾಲ್ಕು ಬೆರಳಿನ ಪಕ್ಕದಲ್ಲೇ ಹೆಬ್ಬೆಟ್ಟನ್ನೂ ಒತ್ತಿ ಇಡುತ್ತಿದ್ದರು. ಕೇಳಿದರೆ ಒಬ್ಬರು, "ನಿಮ್ಮ ದೊಡ್ಡಪ್ಪ ಹೊಡೆದು ಕಲಿಸಿದ್ದು" ಅಂದರು. ಎಂಜಿನ್ ಹೊತ್ತಿಕೊಳ್ಳುವಾಗ ಪಿಸ್ಟನ್ ಮೇಲಕ್ಕೆ ಪೂರ್ತಿ ಬರುವ ಮೊದಲೇ ಉರಿ ಹತ್ತಿದರೆ ಚಕ್ರ ಹಿಂದಕ್ಕೆ ಒದೆಯುತ್ತದೆ. ಹೆಬ್ಬೆಟ್ಟು ಸುತ್ತಿಕೊಂಡಿದ್ದರೆ ಹ್ಯಾಂಡಲ್ ಅದನ್ನು ಮುರಿದೇ ಹೋಗುತ್ತದೆ. ಬಿಡಿಸಿಕೊಂಡಿದ್ದರೆ ಕೈ ಜಾರಿ ಪಾರಾಗುತ್ತದೆ. ಅವರ ಹತ್ತಿರ ಕಲಿತವರ ಕೈಗಳು ಇವತ್ತಿಗೂ ಹಾಗೇ ಹಿಡಿಯುತ್ತವೆ. ಈಗ ಅವರ ಎಂಜಿನ್ನುಗಳಿಗೆ ಬ್ಯಾಟರಿ ಸ್ಟಾರ್ಟರ್ ಇದ್ದರೂ.

ಹ್ಯಾಂಡಲ್ ಕೈಗೆ ಬಂದ ಮೇಲೆ ಮಾತು ನಿಲ್ಲಲಿಲ್ಲ. ಒಬ್ಬ ಅಕ್ಕ ಹೇಳಿದ್ದು ನನಗೆ ಬಹಳ ಹಿಡಿಸಿತು. ರಾತ್ರಿ ನೀರು ಹಾಯಿಸುವಾಗ ಎಂಜಿನ್‌ನಲ್ಲಿ ಬಡಿತ ಶುರುವಾಯಿತಂತೆ. ಫೋನ್ ಮಾಡಿದರೆ ದೊಡ್ಡಪ್ಪ, "ಫೋನನ್ನು ಎಂಜಿನ್ ಹತ್ತಿರ ಹಿಡಿಯವ್ವಾ" ಅಂದರು. ಅರ್ಧ ನಿಮಿಷ ಕೇಳಿ, "ಈಗಲೇ ಆರಿಸು, ಬೆಳಗ್ಗೆವರೆಗೂ ಮುಟ್ಟಬೇಡ" ಅಂದರು. ಬೆಳಗ್ಗೆ ಬಿಚ್ಚಿದಾಗ ಬಿಗ್ ಎಂಡ್ ಬೇರಿಂಗ್, ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟಿಗೆ ಕೂಡುವ ಕಡೆಯ ಬೇರಿಂಗ್, ಹೋಗಿತ್ತು. ಇನ್ನೊಂದು ಗಂಟೆ ಓಡಿದ್ದರೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆಯುತ್ತಿತ್ತು.

ಇದು ಪವಾಡ ಅಲ್ಲ, ಲೆಕ್ಕ. 1930ರ ಸುಮಾರಿಗೆ ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಲಿಸ್ಟರ್ ಕಂಪನಿ ತಂದ ಸಿಎಸ್ ಎಂಜಿನ್ನು ನಿಮಿಷಕ್ಕೆ 600-650 ಸುತ್ತಿನದು. ಅದೇ ಮಾದರಿಯನ್ನು ಮುಂದೆ ಬೇರೆ ಬೇರೆ ದೇಶಗಳಲ್ಲಿ ದಶಕಗಟ್ಟಲೆ ಮಾಡಿದರು. ಅಷ್ಟು ನಿಧಾನದ ಎಂಜಿನ್ನಿನಲ್ಲಿ ಒಂದೊಂದು ಬಡಿತವೂ ಬೇರೆ ಬೇರೆಯಾಗಿ ಕೇಳುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತು ಸುತ್ತಿದರೆ ವಾಲ್ವ್ ಒಂದು ಸಲ ತೆರೆಯುತ್ತದೆ. ಹಾಗಾಗಿ ವಾಲ್ವನ್ನು ತಳ್ಳುವ ಟ್ಯಾಪೆಟ್ ಸಡಿಲಾದರೆ ಸದ್ದು ಎರಡು ಸುತ್ತಿಗೆ ಒಂದು, ತೆಳ್ಳಗೆ ಟಿಕ್ ಟಿಕ್ ಅನ್ನುತ್ತದೆ. ಬಿಗ್ ಎಂಡಿನ ಸದ್ದು ದಪ್ಪ, ಒಳಗಿಂದ ಗುದ್ದಿದ ಹಾಗೆ, ಲೋಡ್ ಬಿದ್ದಾಗ ಜಾಸ್ತಿ. ದೊಡ್ಡಪ್ಪ ಈ ಥರದ ಎಂಜಿನ್ನುಗಳ ಜೊತೆ ಬೆಳೆದವರು. ಅವರ ಕಿವಿ ಅಲ್ಲಿ ಪಳಗಿತ್ತು. ಮುಂದೆ ವೇಗದ ಎಂಜಿನ್ನು ಬಂದಾಗ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದರು. ಆ ಸ್ಕ್ರೂ ಡ್ರೈವರಿನ ಹಿಡಿಯ ಒಂದು ಬದಿ ಮಾತ್ರ ಸವೆದಿದೆ.

ಸೊನ್ನೆ

ಮೂರು ನೋಟ್‌ಬುಕ್ಕು ಸಿಕ್ಕಿದ್ದು ಗ್ರೀಸ್ ಡಬ್ಬಿಯ ಹಿಂದೆ. ಪೆನ್ಸಿಲ್ ಬರಹ. ಹೊಲದ ಗುರುತು, ಯಂತ್ರ, ಏನು ಮಾಡಿದರು, ಅಷ್ಟೇ. ಕೆಲವು ಸಾಲುಗಳ ಕೊನೆಗೆ ಒಂದು ಸಣ್ಣ ಸೊನ್ನೆ. ಬಹಳಷ್ಟು ಸೊನ್ನೆಗಳ ಮೇಲೆ ಆಮೇಲೆ ಗೀಟು ಎಳೆದಿದ್ದರು. "ಫುಟ್‌ವಾಲ್ವ್, ಹಳೆ ಚರ್ಮ ಕತ್ತರಿಸಿ ಹಾಕಿದೆ" ಅಂತ ಒಂದು ಸಾಲು, ಕೊನೆಗೆ ಸೊನ್ನೆ, ಅದರ ಮೇಲೆ ಗೀಟು. ಗೀಟಿನ ಪೆನ್ಸಿಲ್ ಬಣ್ಣವೇ ಬೇರೆ.

ಸೊನ್ನೆ ಅಂದರೆ ಹಣ ಬಾಕಿ ಅಂತ ಅಣ್ಣ ಖಚಿತವಾಗಿ ಹೇಳಿದ. ನಾನೂ ನಂಬಿದೆ. ಎಷ್ಟು ಜನ ಕೊಡದೆ ಉಳಿಸಿಕೊಂಡಿದ್ದಾರೆ ಅಂತ ಲೆಕ್ಕ ಹಾಕಲು ಕೂಡ ಶುರು ಮಾಡಿದ್ದೆವು. ದೊಡ್ಡಮ್ಮ ತಡೆದರು. ಹಣದ ಲೆಕ್ಕ ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಇರುತ್ತಿತ್ತಂತೆ, ಬಂದ ಮೇಲೆ ಒರೆಸಿಬಿಡುತ್ತಿದ್ದರಂತೆ. ಹಾಗಾದರೆ ಸೊನ್ನೆ ಏನು?

ಉತ್ತರ ಸಿಕ್ಕಿದ್ದು ಅವರ ಹತ್ತಿರ 16 ವರ್ಷ ಕೆಲಸ ಕಲಿತವನಿಂದ. ನಾವು ಈಗಲೂ ಹುಡುಗ ಅಂತಲೇ ಕರೆಯುತ್ತೇವೆ, ಅವನಿಗೇ ಈಗ ನಡುವಯಸ್ಸು. ನೋಟ್‌ಬುಕ್ಕು ನೋಡಿದ ತಕ್ಷಣ ಅವನ ದನಿ ಬದಲಾಯಿತು. "ಅಣ್ಣಾ, ಇದು ಹಣ ಅಲ್ಲ. ಇದು ಹಂಗಾಮಿ. ಹಂಗಾಮಿನಲ್ಲಿ ಮಾಡಿದ್ದೆಲ್ಲ ಹಂಗಾಮಿ, ಕೊಯ್ಲಾದ ಮೇಲೆ ಹೋಗಿ ಸರಿ ಮಾಡಬೇಕು ಅನ್ನೋರು."

ನಾವು ಎಂಟು ತಿಂಗಳು ಹುಡುಕಿದ್ದು ಈ ಒಂದು ಮಾತಿಗೆ ಅಂತ ನನಗೆ ಅನಿಸುತ್ತದೆ. ವಿಷಯ ಹೀಗೆ. ನೀರು ಕಟ್ಟುವ ಹೊತ್ತಿನಲ್ಲಿ ಎಂಜಿನ್ ಕೆಟ್ಟರೆ ಬರಿಯ ಮೆಕ್ಯಾನಿಕ್ ಆದವನು ಪೂರ್ತಿ ಬಿಚ್ಚುತ್ತಾನೆ. ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡಿಂಗಿಗೆ ಕಳಿಸಿದರೆ ಬರೋದಕ್ಕೆ ದಿನಗಳು ಬೇಕು. ಯಂತ್ರ ಕಾಯುತ್ತದೆ, ಬೆಳೆ ಕಾಯೋದಿಲ್ಲ. ಅದರಲ್ಲೂ ಕಾಳಿನ ಬೆಳೆ ಹೂವಿಗೆ ಬಂದಾಗ, ಕಾಳು ಕಟ್ಟುವಾಗ ನೀರು ತಪ್ಪಿದರೆ ಇಳುವರಿ ಹೊಡೆತ ತಿನ್ನುತ್ತದೆ. ಆಮೇಲೆ ಎಷ್ಟು ನೀರು ಕೊಟ್ಟರೂ ಹೋದದ್ದು ಬರೋದಿಲ್ಲ. ದೊಡ್ಡಪ್ಪ ಯಾರ ಹೊಲಕ್ಕೆ ಹೋದರೂ ಮೊದಲು ಎಂಜಿನ್ ನೋಡುತ್ತಿರಲಿಲ್ಲವಂತೆ. ಬದುವಿನ ಮೇಲೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಬಾಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡುತ್ತಿದ್ದರು. ಎರಡು ದಿನ ತಡೆಯುವ ಹೊಲ ಆದರೆ ಎಂಜಿನ್ ಬಿಚ್ಚುತ್ತಿದ್ದರು. ತಡೆಯದ ಹೊಲ ಆದರೆ ಹಂಗಾಮಿ ಕೆಲಸ. ದಪ್ಪ ರಟ್ಟಿನ ಪ್ಯಾಕಿಂಗ್ ಕತ್ತರಿಸಿ ಹಾಕು, ಗವರ್ನರ್ ಇಳಿಸಿ ನಿಧಾನಕ್ಕೆ ಓಡಿಸು, ಕೊಯ್ಲಿನವರೆಗೂ ಜೀವ ಹಿಡಿದಿರಲಿ.

ಇದು ಮೆಕ್ಯಾನಿಕ್ಕಿನ ತೀರ್ಮಾನವೋ ರೈತನ ತೀರ್ಮಾನವೋ? ನಾವು ಮೊದಲ ಪುಟದಲ್ಲಿ ಅವರನ್ನು ಎರಡು ಭಾಗ ಮಾಡಿದ್ದೆವು. ಅವರು ಎಂದೂ ಎರಡಾಗಿರಲಿಲ್ಲ. ದೊಡ್ಡಮ್ಮನಿಗೆ ಗುರುತು ಸಿಗದೇ ಇದ್ದದ್ದು ಅದಕ್ಕೇ ಇರಬೇಕು.

ನೋಟ್‌ಬುಕ್ಕಿನಲ್ಲಿ ಹೊಗಳಿಕೆಗೆ ಹೊಂದದ ಪುಟವೂ ಇದೆ. ಒಂದು ಟ್ರ್ಯಾಕ್ಟರಿನ ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಬದಲಿಸಿದರು. ನಿಜಕ್ಕೂ ಹೆಡ್ಡೇ ಸೀಳಿತ್ತು. ಎರಡಕ್ಕೂ ಲಕ್ಷಣ ಒಂದೇ, ಬಿಚ್ಚಿ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಉಳುಮೆಯ ನಡುವೆ ಟ್ರ್ಯಾಕ್ಟರ್ ಮತ್ತೆ ನಿಂತಿತು, ಆ ಮನೆಯವರ ಬಿತ್ತನೆ ತಡವಾಯಿತು. ದೊಡ್ಡಪ್ಪ ಎರಡೇ ಪದ ಬರೆದಿದ್ದಾರೆ: "ನನ್ನ ತಪ್ಪು." ಅಲ್ಲಿಂದ ಮುಂದೆ ಹೆಡ್ ಬಿಚ್ಚಿದ ಪ್ರತಿ ಸಾಲಿನಲ್ಲೂ "ನೀರು ಹಾಕಿ ನೋಡಿದೆ" ಅನ್ನುವ ಮಾತಿದೆ. ಇದನ್ನು ಸೇರಿಸಬೇಕೋ ಬೇಡವೋ ಅಂತ ನಮ್ಮಲ್ಲಿ ವಾದ ಆಯಿತು. ನಾನು ಪಟ್ಟು ಹಿಡಿದು ಸೇರಿಸಿದೆ. ಕಲಿಯುವುದನ್ನು ನಿಲ್ಲಿಸದ ಮನುಷ್ಯ ಅಂತ ಬಾಯಲ್ಲಿ ಹೇಳುವುದಕ್ಕಿಂತ ಆ ಎರಡು ಪದ ನೋಡುವುದು ಮೇಲು, ಅಲ್ವಾ?

ಬರಹದ ರೂಪದ ಬಗ್ಗೆ ಹೆಚ್ಚು ಹೇಳೋದಿಲ್ಲ. ಹುಟ್ಟು, ಶಾಲೆ, ಮದುವೆ ಅನ್ನುವ ವರ್ಷದ ಲೆಕ್ಕ ಬಿಟ್ಟು ಯಂತ್ರದ ಲೆಕ್ಕದಲ್ಲಿ ಬರೆದೆವು. ಅವರ ಪದಗಳನ್ನು ತಿದ್ದಲಿಲ್ಲ. ಎಂಜಿನ್ ಸದ್ದನ್ನು ರೆಕಾರ್ಡ್ ಮಾಡಿ ಇಟ್ಟಿದ್ದೇವೆ, ಚೆನ್ನಾಗಿರುವುದರದ್ದೂ ಕೆಟ್ಟಿರುವುದರದ್ದೂ.

ಏಳು ಕಡೆ

ಗೀಟು ಬೀಳದ ಸೊನ್ನೆ ಏಳು ಉಳಿದಿದ್ದವು. ಅವನ್ನು ಸುಮ್ನೆ ಪುಸ್ತಕದಲ್ಲಿ ಬಿಡಲು ಯಾರಿಗೂ ಮನಸ್ಸು ಬರಲಿಲ್ಲ. ಕೊಯ್ಲು ಮುಗಿದ ಮೇಲೆ ಹುಡುಗನ ಜೊತೆ ಹೊರಟೆವು.

ಎರಡು ಕಡೆ ಬೇರೆಯವರಿಂದ ಸರಿ ಮಾಡಿಸಿಕೊಂಡಿದ್ದರು. ಒಂದು ಕಡೆ ಎಂಜಿನ್ನೇ ಇರಲಿಲ್ಲ, ಮಾರಿಬಿಟ್ಟಿದ್ದರು. ಒಂದು ಮನೆಯ ಅಜ್ಜ ಬಿಚ್ಚಲು ಬಿಡಲೇ ಇಲ್ಲ. ಬಾವಿಯ ನೀರು ಕೆಳಗೆ ಹೋದಾಗ ದೊಡ್ಡಪ್ಪ ಪಂಪನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿ, ಕಟ್ಟಿಗೆಯ ದಿಮ್ಮಿಯ ಮೇಲೆ ಕೂರಿಸಿದ್ದರು. ಪಂಪ್ ನೀರನ್ನು ಎಳೆಯುವುದಿಲ್ಲ, ಗಾಳಿಯ ಒತ್ತಡ ನೀರನ್ನು ಮೇಲೆ ತಳ್ಳುತ್ತದೆ. ಲೆಕ್ಕದಲ್ಲಿ ಅದರ ಮಿತಿ 10.3 ಮೀಟರ್, ಕೆಲಸದಲ್ಲಿ 6-7 ಮೀಟರ್ ಸಿಕ್ಕರೆ ಹೆಚ್ಚು. ಅದಕ್ಕೇ ಪಂಪೇ ನೀರಿನ ಹತ್ತಿರ ಹೋಗಬೇಕು. ದಿಮ್ಮಿಯ ಜಾಗದಲ್ಲಿ ಸಿಮೆಂಟು ಕಟ್ಟೆ ಕಟ್ಟೋದು ಬಾಕಿ ಅಂತ ಆ ಸೊನ್ನೆ. "ಒಂಬತ್ತು ವರ್ಷದಿಂದ ಅಲುಗಾಡಿಲ್ಲ, ಅದು ಹಾಗೇ ಇರಲಿ" ಅಂದರು ಅಜ್ಜ. ಹುಡುಗ ಇಳಿದು ದಿಮ್ಮಿಯನ್ನು ತಟ್ಟಿ ನೋಡಿದ. ಗಟ್ಟಿಯಿತ್ತು. ಆ ಸೊನ್ನೆಗೆ ಗೀಟು ಎಳೆಯಲಿಲ್ಲ. ಇನ್ನೆರಡು ಕಡೆ ಗ್ಯಾಸ್ಕೆಟ್, ಬುಷ್ ಬದಲಿಸಿ ಬಂದೆವು.

ಏಳನೆಯದು ನಮ್ಮದೇ ಹೊಲದ ಎಂಜಿನ್ನು. "ನಾಜಲ್ ಹಳೇದು ಹಾಕಿದೆ" ಅಂತ ಬರೆದಿದ್ದರು. ನಾಜಲ್ ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ. ಊರವರದೆಲ್ಲ ಮುಗಿದ ಮೇಲೆ ತಮ್ಮದು ಅನ್ನೋದು ಅವರ ರೂಢಿ, ಅದಕ್ಕಾಗಿ ದೊಡ್ಡಮ್ಮನ ಹತ್ತಿರ ಬೈಸಿಕೊಂಡದ್ದೂ ಉಂಟು. ಹುಡುಗ ಹೊಸ ನಾಜಲ್ ಹಾಕಿದ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿತ್ತು. ಮೊದಲು ಫಿಲ್ಟರಿನ ತಿರುಪು ಸಡಿಲಿಸಿದ, ನೊರೆ ನೊರೆಯಾಗಿ ಡೀಸೆಲ್ ಬಂತು. ಗುಳ್ಳೆ ನಿಲ್ಲುವವರೆಗೂ ಕಾದು ಬಿಗಿದ. ಆಮೇಲೆ ಡೀಸೆಲ್ ಪಂಪಿನ ತಿರುಪು. ಕೊನೆಗೆ ನಾಜಲ್ ಪೈಪಿನ ನಟ್ಟು. ಒಳಗಿನ ಒತ್ತಡ ಬಿಡಿಸಿ ಎಂಜಿನ್ ಹಗುರಾಗಿ ತಿರುಗುವಂತೆ ಮಾಡುವ ಡಿಕಂಪ್ರೆಷನ್ ಲಿವರ್ ಎತ್ತಿ, ಹೆಬ್ಬೆಟ್ಟನ್ನು ಬೆರಳುಗಳ ಪಕ್ಕಕ್ಕಿಟ್ಟು ಹ್ಯಾಂಡಲ್ ಹೊಡೆದ. ಚಕ್ರ ವೇಗ ಹಿಡಿದ ಮೇಲೆ ಲಿವರ್ ಬಿಟ್ಟ. ಎರಡು ಸಲ ಬಿಳಿ ಹೊಗೆ ಉಗುಳಿ ಎಂಜಿನ್ ಹತ್ತಿಕೊಂಡಿತು.

ನಾನು ನೋಟ್‌ಬುಕ್ಕು ತೆರೆದು ಪೆನ್ಸಿಲನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಈಗಲೇ ಬೇಡ. ಒಂದು ದಿನ ಪೂರ್ತಿ ನೀರು ಹರೀಲಿ. ಅವರು ಹಾಗೇ ಮಾಡ್ತಿದ್ದಿದ್ದು."

ಮರುದಿನ ಸಂಜೆ ಎಂಜಿನ್ ಆರಿಸಿದ ಮೇಲೆ, ಕಾಲುವೆಯ ಬದಿಯಲ್ಲಿ ಕೂತು ಅವರೇ ಗೀಟು ಎಳೆದರು.